ಪಕ್ಕದ ಸೀಟಿನ ಭಯ

ನಮ್ಮೂರಲ್ಲಿ ಯಾರಿಗಾದರೂ ದೊಡ್ಡ ಆಘಾತವಾದರೆ, ಅವರ ಭಯಕ್ಕೆ ಕೈಕಾಲು ಬಂದು ಅವರ ಜೊತೆಗೇ ಓಡಾಡುತ್ತದೆ. ನನ್ನದು ನಾನಿದ್ದ ಬಸ್ಸು ಮಗುಚಿದ ದಿನ ಗಂಟುಬಿದ್ದದ್ದು. ಹೋಟೆಲಿನ ಸಪ್ಲೈಯರ್ ಕೇಳದೆಯೇ ಎರಡು ಲೋಟ ನೀರಿಡುತ್ತಾನೆ.

"ಭಯಾನ ಓಡಿಸಬೇಡೀ... ಅದರ ಜೊತೇಲಿ ಕೂತ್ಕೊಳ್ಳೀ..." ಎಂದು ರಾಗ ಎಳೆಯುವವರು ನನ್ನ ಥೆರಪಿಸ್ಟ್ ಭಾರ್ಗವಿ ಮೇಡಂ. ಆ ರಾಗವನ್ನು ಈಗ ನಾನು ಅವರಿಗಿಂತ ಚೆನ್ನಾಗಿ ಎಳೆಯಬಲ್ಲೆ. ಪ್ರತಿ ಮಂಗಳವಾರ ಚಿತ್ರದುರ್ಗದ ಸ್ಟಾಂಡಿನಲ್ಲಿ ಬಸ್ಸು ಹತ್ತುವುದು, ಇಂಜಿನ್ ಗುರ್ರ್ ಎಂದೊಡನೆ ಭಯ ನನ್ನ ಕೈ ಹಿಡಿದೆಳೆಯುವುದು, ಮೇಡಂ ಸಮೇತ ಮೂವರೂ ಇಳಿಯುವುದು. ಇದು ಥೆರಪಿಯಲ್ಲ, ತೆವಳಪಿ! ಹಿರಿಯೂರಿನಲ್ಲಿ ತಂಗಿಯ ಮಗು ಆಗಲೇ ಅಂಬೆಗಾಲಿಡುತ್ತಿದೆ, ನಾನಿನ್ನೂ ಅದರ ಮುಖ ನೋಡಿಲ್ಲ.

ಇವತ್ತೂ ಹತ್ತಿ ಕೂತೆವು. ಕಿಟಕಿಯಿಂದ ಒಂದು ಟವೆಲ್ ತೂರಿಬಂದು ಭಯದ ತೊಡೆಯ ಮೇಲೆ ಬಿತ್ತು. ಹಿಂದೆಯೇ ಒಬ್ಬ ಅಜ್ಜಿ ಹತ್ತಿಬಂದರು.

"ಏಯ್, ಏಳು ಮ್ಯಾಲೆ! ಟವೆಲ್ ಹಾಕಿದ್ದು ಕಾಣಲ್ವಾ?"

"ಅಜ್ಜೀ, ಅದು ನನ್ನ ಭಯ."

"ಆಗ್ಲಿ ಬಿಡವ್ವ, ಟಿಕೆಟ್ ತಗಂಡೈತಾ?"

ಭಯ ತಬ್ಬಿಬ್ಬಾಗಿ ಎದ್ದು ನಿಂತಿತು. ಅಜ್ಜಿ ಅಗಲವಾಗಿ ಕೂತರು. ನನಗೆ ನಗು ತಡೆಯಲಾಗಲಿಲ್ಲ. ಇಂಜಿನ್ ಗುರ್ರ್ ಎಂದಿತು. ಭಯ ಕೈ ಚಾಚಿತು, ನಾನು ಕೈ ಕೊಡಲಿಲ್ಲ. ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದು ಕೂತೇ ಇದ್ದೆ. ಬಸ್ಸು ಗೇಟು ದಾಟಿತು.

ಭಾರ್ಗವಿ ಮೇಡಂ ಹಿಂದಿನ ಸೀಟಿನಿಂದ ಬಗ್ಗಿ, ರಾಗ ಮರೆತು ಕೇಳಿದರು: "ಇಳೀತೀರಾ?"

ಭಯ ಕಂಬಿ ಹಿಡಿದು ತೂಗಾಡುತ್ತ ನನ್ನನ್ನೇ ನೋಡುತ್ತಿತ್ತು.

"ಬೇಕಾದ್ರೆ ಅದು ಇಳೀಲಿ ಮೇಡಂ. ನಾನು ಹಿರಿಯೂರಿಗೆ."