ಇಪ್ಪತ್ತು ಮೈನಸ್

"ಹತ್ತು ಬೂಟನ್ನೂ ಒಟ್ಟಿಗೇ ನೋಡ್ತೀನಿ ಕಣ್ರೋ, ರೆಪ್ಪೆ ಬಡಿದು ಹನ್ನೊಂದು ವರ್ಷ ಆಯ್ತು," ಎನ್ನುತ್ತ ಕೋಚ್ ವೆಂಡೆಲ್, ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕನ್ನು ಕಾಯುವ, ತಲಾ ಒಂದೊಂದು ಫ್ರಿಜ್ಜಿನಷ್ಟಿದ್ದ ಐವರ ಮುಂದೆ ಶನಿವಾರದ ಪಂದ್ಯದ ಅಂಕಪಟ್ಟಿ ಹಿಡಿದ. ಪಂದ್ಯದ ಫಿಲ್ಮ್ ನೋಡಿ, ತಪ್ಪಿದ ಪ್ರತಿ ಆಟಕ್ಕೂ ಒಬ್ಬೊಬ್ಬರಿಗೆ ಒಂದೊಂದು ಮೈನಸ್ ಹಾಕುವುದು ಅವನ ಕೆಲಸ. "ಕೋಲ್ಬಿ, ದ್ವಿತೀಯಾರ್ಧದಲ್ಲಿ ನಿನ್ನ ಕಾಲು ನೆಲದಲ್ಲಿ ಬೇರು ಬಿಟ್ಟಿತ್ತು. ಇಪ್ಪತ್ತು ಮೈನಸ್. ಮುಂದಿನ ವಾರ ಬೆಂಚು."

ಕೋಲ್ಬಿ ವಾದಿಸದೆ ನೋಟ್‌ಬುಕ್ ತೆರೆದ. "ಒಂದ್ಸಲ ತೋರ್ಸಿ ಕೋಚ್, ತಿದ್ಕೋತೀನಿ."

ಪಾದಗಳು ಸರಿಯಾಗಿ ಕಾಣುವುದು ಗೋಲುಕಂಬದ ಹಿಂದಿನ ಕ್ಯಾಮೆರಾದಲ್ಲಿ ಮಾತ್ರ. ವೆಂಡೆಲ್ ಗುಂಡಿ ಒತ್ತಿದ. ಮೊದಲರ್ಧ ಮುಗಿದದ್ದೇ ಪರದೆ ಪೂರ್ತಿ ಕಪ್ಪು. ಕ್ಯಾಮೆರಾ ಅಲ್ಲಿಗೇ ಕೆಟ್ಟಿತ್ತು. ಉಳಿದವರು ಮುಖ ಮುಖ ನೋಡಿಕೊಂಡರು. ಕೋಲ್ಬಿ ಮಾತ್ರ ಪೆನ್ಸಿಲ್ ಹಿಡಿದು ಕಾಯುತ್ತಲೇ ಇದ್ದ.

"ಬರ್ಕೋಬೇಡ ಮಗಾ," ಎಂದ ವೆಂಡೆಲ್, ತಲೆಯೆತ್ತದೆ. "ದ್ವಿತೀಯಾರ್ಧದ ಫಿಲ್ಮ್ ನಾನು ನೋಡೇ ಇಲ್ಲ. ಮೊದಲರ್ಧಕ್ಕೇ ನಿದ್ದೆ ಬಂತು. ಆ ಇಪ್ಪತ್ತೂ ಸುಮ್ನೆ ಬರ್ದಿದ್ದು."