ಮರಳಿಗೆ ತಲೆ ಯಾವ ಕಡೆ

ಫೋಟೋ ಪ್ರದರ್ಶನದ ತೀರ್ಪುಗಾರರು ತನ್ನ ಫೋಟೋವನ್ನೂ ತಿರಸ್ಕೃತ ಚಿತ್ರಗಳ ಪಕ್ಕ ಒರಗಿಸಲು ಹೊರಟಾಗ ಟೈಲರಮ್ಮ, "ಸಾರ್, ಒಂದ್ನಿಮಿಷ" ಎಂದು ಅಡ್ಡ ಬಂದಳು. ಮೂರು ವರ್ಷದಿಂದ ಅಂಗಡಿ ತೆರೆಯುವ ಮುಂಚೆ ಸಮುದ್ರದ ದಂಡೆಗೆ ಓಡಿ, ಅಲೆಗಳು ಮರಳಿನ ಮೇಲೆ ಬಿಟ್ಟುಹೋದ ಉಬ್ಬುಗಳ ಸಾಲನ್ನು ಕಪ್ಪುಬಿಳುಪಿನಲ್ಲಿ ಹಿಡಿಯುತ್ತಿದ್ದವಳು ಅವಳು. ಪ್ರದರ್ಶನಕ್ಕೆ ಧೈರ್ಯ ಮಾಡಿ ಕೊಟ್ಟದ್ದು ಇದೊಂದನ್ನೇ.

"ಇದರಲ್ಲಿ ನೋಡೋದೇನಿದೆಯಮ್ಮ? ಬರೀ ಗುಂಡಿ. ಸಿಡುಬಿನ ಕಲೆ ಇದ್ದ ಹಾಗಿದೆ."

ಅವಳೂ ನೋಡಿದಳು. ಹೌದು, ಗುಂಡಿಗಳೇ! ಆದರೆ ಅವಳು ತೆಗೆದದ್ದು ಉಬ್ಬುಗಳನ್ನು. ಬಾಗಿಲಲ್ಲಿ ನಿಂತಿದ್ದ ಗಂಡನ ಕಡೆ ತಿರುಗಿದಳು. ಚೌಕಟ್ಟು ಕಟ್ಟಿದ ಬಡಗಿ ಅವನೇ. "ರೀ, ನೇತುಹಾಕೋ ಕೊಕ್ಕೆ ಯಾವ ಕಡೆ ಹಾಕಿದ್ರಿ?"

"ಮರಳಿಗೆ ತಲೆ ಯಾವ್ದು, ಕಾಲು ಯಾವ್ದು ಕಣೇ? ಕೈಗೆ ಸಿಕ್ಕ ಕಡೆ ಹಾಕ್ದೆ."

ಅವಳು ತೀರ್ಪುಗಾರರ ಕೈಯಿಂದ ಚೌಕಟ್ಟನ್ನು ತೆಗೆದುಕೊಂಡು ತಲೆಕೆಳಗು ಮಾಡಿ ಹಿಡಿದಳು. ಚಿತ್ರದೊಳಗಿನ ಬೆಳಕು ಮೇಲಿನಿಂದ ಬೀಳುವಂತಾದದ್ದೇ ತಡ, ಗುಂಡಿಗಳೆಲ್ಲ ಉಬ್ಬಿ ಸಾಲುಸಾಲಾಗಿ ಎದ್ದು ನಿಂತವು. ತೀರ್ಪುಗಾರರು ಬೆರಳು ಚಾಚಿ ಒಂದು ಉಬ್ಬನ್ನು ಸವರಿದರು. ಸಿಕ್ಕಿದ್ದು ನುಣ್ಣನೆಯ ಗಾಜು. "ಅಬ್ಬಬ್ಬಾ!" ಎಂದು ನಕ್ಕುಬಿಟ್ಟರು. "ಇದನ್ನ ಬಾಗಿಲಿಗೆ ಎದುರಾಗೇ ಹಾಕೋಣ. ಒಳಗೆ ಬಂದವರು ಮೊದಲು ಇದನ್ನೇ ನೋಡ್ಲಿ."

ಗಂಡ ಆಗಲೇ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಮಂಡಿಯೂರಿದ್ದ. "ಕೊಕ್ಕೆ ಎಲ್ಲಿ ಹಾಕ್ಲಿ, ಮೇಡಂ?" ಹೆಂಡತಿಯನ್ನು ಅವನು ಹಾಗೆ ಕರೆದದ್ದು ಅದೇ ಮೊದಲು. ಅವಳು ಪರ್ಸಿನಿಂದ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದು, ಚೌಕಟ್ಟಿನ ಬೆನ್ನಿಗೆ ದಪ್ಪಕ್ಷರದಲ್ಲಿ ಬರೆದಳು: "ಮೇಲೆ".