ನೀರಿನ ಟ್ಯಾಂಕಿನ ಹಿಂದಿನ ದುಬೈ

ಗೇಟಿನ ಚಿಲಕ ಸದ್ದಾಗುವಷ್ಟರಲ್ಲಿ ಬದರೀನಾಥರು ತಾರಸಿಯ ನೀರಿನ ಟ್ಯಾಂಕಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತಾಗಿತ್ತು. ಪಂಚೆ ಮೇಲೆತ್ತಿ ಕಟ್ಟಿ, ಉಸಿರು ಬಿಗಿಹಿಡಿದು, ಅರ್ಧ ಕುಡಿದ ಕಾಫಿ ಲೋಟದ ಸಮೇತ. ಆ ದೇಹ ಆ ವೇಗದಲ್ಲಿ ಮೆಟ್ಟಿಲು ಹತ್ತಿದ್ದನ್ನು ಸಹಕಾರನಗರ ಹುಟ್ಟಿದಾಗಿನಿಂದ ಯಾರೂ ಕಂಡಿರಲಿಲ್ಲ. ಮನೆಯ ತಳಪಾಯ ಒಂದಂಗುಲ ಕೆಳಗಿಳಿದಿದ್ದರೂ ಆಶ್ಚರ್ಯವಿಲ್ಲ.

ಸಂದಿಯಿಂದ ಕೆಳಗೆ ಇಣುಕಿದರು. ಗಿಡ್ಡ ಕೂದಲು. ಗರಿಗರಿ ಇಸ್ತ್ರಿಯ ಅಂಗಿ. ಕಂಕುಳಲ್ಲಿ ಫೈಲು. ಮುಖ ನೋಡಿಕೊಂಡು ಮೀಸೆ ತಿದ್ದಬಹುದಾದಷ್ಟು ಹೊಳೆಯುವ ಕಂದು ಬೂಟು. ಬಂದ, ಇನ್‌ಕಮ್ ಟ್ಯಾಕ್ಸಿನ ಯಮದೂತ!

ಕಾಗದದ ಪ್ರಕಾರ ಬದರೀನಾಥರು ಆ ಕ್ಷಣ ದುಬೈಯಲ್ಲಿದ್ದರು. ಯಶವಂತಪುರದ ಮಂಡಿಯಿಂದ ಈರುಳ್ಳಿ ಕಳಿಸಿ ದುಬೈಯಲ್ಲಿ ಗಳಿಸಿದ ದುಡ್ಡಿಗೆ ಇಲ್ಲಿ ತೆರಿಗೆ ಕಟ್ಟಬಾರದಲ್ಲ. ಅದಕ್ಕೇ, ವರ್ಷದ ಬಹುಪಾಲು ತಾವು ಅಲ್ಲೇ ಇರುವವರೆಂದು ರಿಟರ್ನ್ಸಿನಲ್ಲಿ ಬರೆಸಿದ್ದರು. ನಿಜಕ್ಕೂ ಅವರು ಅಲ್ಲಿದ್ದದ್ದು ಒಂದು ವಾರ. ಉಳಿದ ವರ್ಷವೆಲ್ಲ ಕೊಡಿಗೇಹಳ್ಳಿಯ ದೋಸೆ ಕ್ಯಾಂಪ್ ಹೋಟೆಲಿನಲ್ಲೇ ಕಳೆದಿತ್ತು.

ಆ ದುಡ್ಡು ಈಗ ಗ್ರೀಸಿನ ದ್ವೀಪವೊಂದರಲ್ಲಿ ಮನೆಯಾಗಲಿತ್ತು. ಮನೆ ಕೊಂಡವರಿಗೆ ಅಲ್ಲಿ ವಾಸದ ಪರ್ಮಿಟ್ಟೂ ಸಿಗುತ್ತದೆ. ಎರಡು ಕೋಣೆಯ ಆ ಮನೆ ಸಹಕಾರನಗರದ ಪಾರ್ಕಿನಲ್ಲಿ ಬದರೀನಾಥರ ಬಾಯಲ್ಲಿ ದಿನಕ್ಕೊಂದು ಮಹಡಿಯಂತೆ ಬೆಳೆಯುತ್ತಿತ್ತು. ಸಮುದ್ರವಂತೂ ಬೆಳಗಾದರೆ ಅಡುಗೆಮನೆಯ ಬಾಗಿಲಿಗೇ ಬಂದು ಕಾಫಿ ಕೇಳುತ್ತಿತ್ತು.

"ಸಿಂಪಲ್ ಕಣ್ರೀ ಅನ್ವರ್," ಎಂದು ಪಕ್ಕದ ಮನೆಯವನಿಗೆ ಪಾಠ ಹೇಳಿದ್ದರು. "ಇಲ್ಲಿನ ಟ್ಯಾಕ್ಸ್‌ನವರು ಕೇಳಿದ್ರೆ ನಾನು ದುಬೈ. ಗ್ರೀಸ್‌ನವರು ಕೇಳಿದ್ರೆ ಸಹಕಾರನಗರ. ದುಬೈನವರು ಏನೂ ಕೇಳಲ್ಲ. ಮೂರು ದೇಶ, ಸೊನ್ನೆ ಟ್ಯಾಕ್ಸ್!"

"ಅದೆಲ್ಲಾ ಇರ್ಲಿ ಸಾಹೇಬ್ರೇ," ಅಂದಿದ್ದ ಅನ್ವರ್, "ನಿದ್ದೆ ಎಲ್ಲಿ ಮಾಡ್ತೀರಾ?"

ಕಾಗದಪತ್ರವೆಲ್ಲ ಹೆಬ್ಬಾಳದ ಏಜೆಂಟ್ ಶೀತಲ್‌ಳ ತಲೆನೋವು. ಅವಳು ಬೆರಳಿಟ್ಟಲ್ಲಿ ಬದರೀನಾಥರು ಸಹಿ ಹಾಕುತ್ತಿದ್ದರು. "ಓದೋದು ಗುಮಾಸ್ತರ ಕೆಲಸ, ಸಹಿ ಹಾಕೋದು ಸಾಹುಕಾರರ ಕೆಲಸ."

ಇದ್ದದ್ದು ಒಂದೇ ಮುಳ್ಳು. ಗ್ರೀಸಿಗೆ ದುಬೈ ದುಡ್ಡು ಸಾಲದೆ, ಸಹಕಾರನಗರದ ಮನೆಯನ್ನೂ ಮಾರಬೇಕಿತ್ತು. ಗಿರಾಕಿ ಸಿದ್ಧ, ಪರ್ಮಿಟ್ ಬಂದ ವಾರವೇ ರಿಜಿಸ್ಟ್ರೇಷನ್, ಬಾರದಿದ್ದರೆ ಮಾರಾಟವೂ ಇಲ್ಲ. ಈ ಮನೆ ಏಳುವಾಗ ಬದರೀನಾಥರು ಮಂಡಿಯಲ್ಲಿದ್ದರು. ಗಾರೆಯವರ ಬೆನ್ನುಬಿದ್ದು, ಬೆಳಗ್ಗೆ ಸಂಜೆ ಹಸಿ ಗೋಡೆಗೆ ನೀರು ಹೊಡೆದವಳು ಹೆಂಡತಿ ಕೃಷ್ಣವೇಣಿ.

"ಈ ಮನೆ ಮಾರ್ಬೇಡಿ ಕಣ್ರೀ. ನಾನು ಎಲ್ಲಿಗೂ ಬರಲ್ಲ," ಎಂದು ಒಂದು ಸಲ ಹೇಳಿದ್ದಳು.

"ಫಾರಿನ್ ವ್ಯವಹಾರ ನಿಂಗೇನು ಗೊತ್ತಾಗುತ್ತೆ, ಸುಮ್ನಿರು."

ಸುಮ್ಮನಾದಳು. ಬದರೀನಾಥರು ಅದನ್ನು ಒಪ್ಪಿಗೆಯ ಖಾತೆಗೆ ಜಮಾ ಮಾಡಿಕೊಂಡರು.

ದುಬೈಯಲ್ಲಿರುವವರು ಇಲ್ಲಿ ಫೋನೆತ್ತಿ 'ಹಲೋ' ಅನ್ನಬಾರದೆಂದು ಫೋನನ್ನೂ ಅವಳ ಕೈಗೇ ಕೊಟ್ಟಿದ್ದರು. ನಿನ್ನೆ ಅವಳೇ ಬಂದು ಹೇಳಿದಳು: "ನಾಳೆ ಸರ್ಕಾರದವರು ಯಾರೋ ಬರ್ತಾರಂತೆ. ನೀವು ಈ ಮನೇಲಿ ಇದೀರೋ ಇಲ್ವೋ ವಿಚಾರಿಸೋಕೆ. ಏನ್ ಹೇಳ್ಲಿ?"

ಬದರೀನಾಥರ ಕೈಯಿಂದ ಚಕ್ಕುಲಿ ಜಾರಿತು. "ಇಲ್ಲ ಅನ್ನು! ಇಲ್ಲವೇ ಇಲ್ಲ ಅನ್ನು! ಅನ್ವರ್‌ಗೂ ಹೇಳ್ಕೊಡು!"

"ಆಯ್ತು. ನೀವು ಹೇಳ್ದಂಗೇ ಹೇಳ್ತೀನಿ. ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ."

ಈಗ ಕೆಳಗಿನಿಂದ ದನಿ ಕೇಳಿತು. "ಬದರೀನಾಥ್ ಅನ್ನೋರು ಇಲ್ಲೇ ಇರೋದಾ?"

"ಇಲ್ಲ ಸಾರ್, ದುಬೈಲಿ ಇರ್ತಾರೆ," ಅಂದಳು ಕೃಷ್ಣವೇಣಿ.

ಕಾಂಪೌಂಡಿನಾಚೆಯಿಂದ ಅನ್ವರ್ ಹುರುಪಿನಲ್ಲಿ ಕತ್ತು ಚಾಚಿದ. "ಅವರ ಮುಖ ನೋಡಿ ಯಾವ ಕಾಲ ಆಯ್ತು ಸಾರ್! ಎದುರಿಗೆ ಬಂದು ನಿಂತ್ರೂ ಗುರುತು ಹಿಡಿಯೋದು ಡೌಟು."

ಅಷ್ಟರಲ್ಲಿ ಟ್ಯಾಂಕು ತುಂಬಿತು. ಮೋಟಾರಿನ ಸ್ವಿಚ್ಚು ಕೃಷ್ಣವೇಣಿಯ ಕೈಯಳತೆಯಲ್ಲೇ ಇತ್ತು, ಅವಳು ಆರಿಸಲಿಲ್ಲ. ತಣ್ಣನೆಯ ನೀರು ಸಾಕ್ಷಾತ್ ಗಂಗಾವತರಣದಂತೆ ಬದರೀನಾಥರ ನೆತ್ತಿಗೆ ಸುರಿಯಿತು. ಪಂಚೆಯ ತುದಿಯನ್ನು ಬಾಯಿಗೆ ತುರುಕಿಕೊಂಡರೂ ಹೆಬ್ಬಾಳದ ಫ್ಲೈಓವರ್ ಅದುರುವಂಥ ಸೀನೊಂದು ಸಿಡಿಯಿತು.

"ಮೇಲೆ ಯಾರೋ ಇದ್ದಂಗಿದೆ?"

"ಮಂಗ ಸಾರ್. ದಿನಾ ಕಾಟ," ಅಂದಳು ಕೃಷ್ಣವೇಣಿ.

ಬಂದವನು ಪೆನ್ನು ತೆಗೆದು ತಡೆದ. "ನೋಡಿಯಮ್ಮಾ, ಇಲ್ಲ ಅಂತ ಬರ್ಕೊಂಡ್ರೆ ಆಮೇಲೆ ಕಷ್ಟ ಅವರಿಗೇನೇ."

"ಬರ್ಕೊಳ್ಳಿ. ಅವರೇ ಹಂಗೆ ಹೇಳು ಅಂದಿರೋದು."

ಬಂದವನ ಬೈಕು ತಿರುವು ದಾಟಿದ ಮೇಲೆ ಬದರೀನಾಥರು ತೊಯ್ದು ತೊಪ್ಪೆಯಾಗಿ, ಆದರೆ ದಿಗ್ವಿಜಯದ ಗತ್ತಿನಲ್ಲಿ ಕೆಳಗಿಳಿದರು. "ನೋಡಿದ್ಯಾ? ದುಡ್ಡಿನ ಬಗ್ಗೆ ಒಂದು ಮಾತು ಕೇಳೋ ಧೈರ್ಯ ಬಂತಾ ಅವನಿಗೆ? ನನ್ನ ಹೆಸರು ಅಂದ್ರೆ ಇಲಾಖೆನೇ ನಡುಗುತ್ತೆ!"

"ಹೌದೌದು. ತಲೆ ಒರೆಸ್ಕೊಳ್ಳಿ, ಶೀತ ಆಗುತ್ತೆ," ಅಂದಳು ಅವಳು.

ಪಾರ್ಕಿನಲ್ಲಿ ಆ ಒಬ್ಬ ಸಂಜೆಯೊಳಗೆ ಐವರು ಅಧಿಕಾರಿಗಳಾದ. ವಾರದೊಳಗೆ ಹನ್ನೆರಡು ಜನ, ನಾಲ್ಕು ಜೀಪು, ಒಂದು ನಾಯಿ. ಆ ನಾಯಿಯೂ ಬದರೀನಾಥರ ಗತ್ತು ಕಂಡು ಬಾಲ ಮುದುರಿಕೊಂಡು ಹೋಯಿತಂತೆ.

ಅಂಥದ್ದೊಂದು ಸಂಜೆ ಫೋನು ರಿಂಗಾಯಿತು. ಪರದೆಯ ಮೇಲೆ ಶೀತಲ್ ಹೆಸರು. ಪರ್ಮಿಟ್ಟೇ ಬಂತೆಂದು ಬದರೀನಾಥರು ಅನ್ವರನನ್ನು ಕೂಗಿ ಕರೆದು, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿ, ಕೈಯಲ್ಲೊಂದು ಲಾಡು ಹಿಡಿದು ನಿಂತರು. ಕೃಷ್ಣವೇಣಿ ಹುರುಳಿಕಾಯಿ ಸೋಸುತ್ತಿದ್ದಳು.

"ಗ್ರೀಸ್ ಪರ್ಮಿಟ್ ಹೋಯ್ತಲ್ಲ ಸಾರ್! ಅದಕ್ಕೇ ಅಂತ ನಿಮ್ಮ ಅಡ್ರೆಸ್ ವೆರಿಫಿಕೇಶನ್‌ಗೆ ಬಂದ ಪೊಲೀಸರಿಗೇ ನೀವು ಆ ಮನೇಲಿ ಇಲ್ಲ ಅಂದ್ರೆ ಹೆಂಗೆ? ಹಿಂದಿನ ದಿನಾನೇ ಫೋನ್ ಮಾಡಿ ಮೇಡಂಗೆ ಎಲ್ಲಾ ಬಿಡಿಸಿ ಹೇಳಿದ್ದೆ — 'ಸಾರ್ ಹೇಳ್ದಂಗೇ ಹೇಳ್ತೀನಿ, ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ' ಅಂದಿದ್ರಲ್ಲ ಸಾರ್!"